ಆವೋಸ್ತಾ ಕಣಿವೆಯ ದಾರಿಯೂ ಸುಂಕವೂ

ಇಟಲಿ ದೇಶದ ವಾಯವ್ಯದ ತುದಿಯಲ್ಲಿ ಮೋಂ ಬ್ಲಾಂ ಎಂಬ ಹಿಮಶಿಖರವಿದೆ. ಆಲ್ಪ್ಸ್ ಪರ್ವತಾವಳಿಯಲ್ಲೆಲ್ಲ ಅದೇ ಅತ್ಯುನ್ನತವಾದುದು. 15,700 ಅಡಿಗೂ ಮಿಕ್ಕಿದ ಎತ್ತರ. ಅದರ ಹಿಮರಾಶಿಗಳಿಂದ ಇಳಿದು ಪೂರ್ವಾಭಿಮುಖವಾಗಿ ಹರಿದು ಬಯಲುಸೀಮೆಯನ್ನು ಸೇರುವ ದೋರಾ ಬಾಲ್ತೆಯಾ ನದಿಯ ಕಣಿವೆಗೆ, ನಡುವಣ ಪಟ್ಟಣದ ಹೆಸರಿನಿಂದ, ಆವೋಸ್ತಾ ಕಣಿವೆಯೆಂದು ಹೆಸರಾಗಿದೆ. ಆ ಪಟ್ಟಣದಲ್ಲಿ ದಾರಿ ಎರಡಾಗುವುದು. ಒಂದು ಬಡಗಣಕ್ಕೆ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟವನ್ನೇರಿ ಸ್ವಿಟ್ಜರ್ಲೆಂಡಿಗೆ ಹೋಗುವುದು. ಇನ್ನೊಂದು ಪಡುವಣಕ್ಕೆ ಲಿಟಲ್ ಸೇಂಟ್ ಬರ್ನಾರ್ಡ್ ಘಟ್ಟವನ್ನೇರಿ ಫ್ರಾನ್ಸಿಗೆ ಇಳಿಯುವುದು. ಮೋಟಾರುಗಳಿಗಾಗಿ ಬೆಟ್ಟದ ಒಡಲನ್ನೇ ಕೊರೆದು ಸುರಂಗ ಮಾಡುವುದಕ್ಕೆ ಮುಂಚೆ ಈ ಭಾಗದಲ್ಲಿ ಪರ್ವತವನ್ನು ದಾಟಬೇಕಾದವನಿಗೆ ಈ ಎರಡು ಘಟ್ಟಗಳೇ ಗತಿ. ಆದುದರಿಂದ ಈ ಕಣಿವೆಯ ಚರಿತ್ರೆಯೆಂದರೆ ಒಂದು ದಾರಿಯ ಚರಿತ್ರೆ. ಆ ದಾರಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಸುಂಕದ ಚರಿತ್ರೆ.

ಬಯಲಿನ ಕಡೆಯಿಂದ ಬೆಳಗ್ಗೆ ಕಣಿವೆಯನ್ನು ಹೊಕ್ಕ ಪ್ರವಾಸಿಯು, ಸೇತುವೆ, ಕೋಟೆ, ಅರಮನೆಗಳನ್ನು ನೋಡುತ್ತ, ನಡುವೆ ಊಟವನ್ನೂ ಮುಗಿಸಿಕೊಂಡು, ಸಂಜೆಯ ಹೊತ್ತಿಗೆ ಆವೋಸ್ತಾ ಪಟ್ಟಣವನ್ನು ಸೇರಬಹುದು. ಒಟ್ಟು ದೂರ ಮೂವತ್ತು ಮೈಲಿಗೆ ಸ್ವಲ್ಪ ಹೆಚ್ಚು. ಆದರೆ ಸ್ಥಳಗಳ ಕ್ರಮವೇ ಕಾಲದ ಕ್ರಮವಲ್ಲ. ಹಿಂದಿನ ಕಥೆಯೊಂದನ್ನು ತಿಳಿಯದೆ ಹೊರಟವನಿಗೆ ಈ ಕಲ್ಲುಗಳು ಬರಿಯ ಕಲ್ಲುಗಳಾಗಿಯೇ ತೋರುವುವು.

ರೋಮನರಿಗಿಂತ ಮೊದಲು ಇಲ್ಲಿದ್ದವರು ಸಲಸ್ಸರೆಂಬ ಜನ. ಅವರ ನೆಲದಲ್ಲಿ ಚಿನ್ನವಿದ್ದಿತು. ಅದನ್ನು ತೊಳೆದು ತೆಗೆಯುವುದಕ್ಕಾಗಿ ಅವರು ದೋರಾ ನದಿಯ ನೀರನ್ನು ಕಾಲುವೆಗಳಿಗೆ ತಿರುಗಿಸುತ್ತಿದ್ದರು. ಕೆಳಗಿನ ಬಯಲಿನ ಒಕ್ಕಲಿಗರ ಹೊಲಗಳು ಒಣಗುತ್ತಿದ್ದುವು. ಮೇಲಿನವರಿಗೂ ಕೆಳಗಿನವರಿಗೂ ನೀರಿಗಾಗಿ ಹುಟ್ಟಿದ ಈ ಜಗಳವೇ ರೋಮನರಿಗೆ ನೆವವಾಯಿತು. ಕ್ರಿ.ಪೂ. 143ರಲ್ಲಿ ಕಾನ್ಸಲ್ ಪದವಿಯಲ್ಲಿದ್ದ ಆಪ್ಪಿಯುಸ್ ಕ್ಲಾಡಿಯುಸನು ಅವರ ಮೇಲೆ ದಂಡೆತ್ತಿ ಹೋದನು. ಕ್ರಿ.ಪೂ. 100ರಲ್ಲಿ ಕಣಿವೆಯ ಬಾಯಿಯಲ್ಲಿ ಎಪೊರೇದಿಯ ಎಂಬ ಕಾವಲೂರು ಹುಟ್ಟಿತು. ಈಗಿನ ಇವ್ರೇಯಾ ಪಟ್ಟಣವೇ ಅದು. ಚಿನ್ನದ ಗಣಿಗಳು ರೋಮಿನ ಗುತ್ತಿಗೆದಾರರ ವಶವಾದುವು. ಆದರೆ ಎತ್ತರದ ನೆಲ ಇನ್ನೂ ಸಲಸ್ಸರ ಕೈಯಲ್ಲಿದ್ದುದರಿಂದ, ಗಣಿಗೆ ಬೇಕಾದ ನೀರನ್ನು ಅವರು ಅದೇ ಗುತ್ತಿಗೆದಾರರಿಗೆ ಕ್ರಯಕ್ಕೆ ಮಾರತೊಡಗಿದರು!

ನೀರನ್ನು ಮಾರಿದವರು ದಾರಿಯನ್ನು ಬಿಟ್ಟಾರೆ? ಕ್ರಿ.ಪೂ. 43ರಲ್ಲಿ, ಜೂಲಿಯಸ್ ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಡೆಸಿಮುಸ್ ಬ್ರೂಟಸನು ಮ್ಯುಟಿನದಿಂದ ತಪ್ಪಿಸಿಕೊಂಡು ಈ ಮಾರ್ಗವಾಗಿ ಬಂದಾಗ, ತಲೆಗೊಂದು ದ್ರಾಕ್ಮಾ ನಾಣ್ಯವನ್ನು ಎಣಿಸಿಕೊಟ್ಟಲ್ಲದೆ ಅವನ ಸೈನಿಕರಿಗೆ ದಾರಿ ದೊರೆಯಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಮೆಸ್ಸಾಲನೆಂಬ ಸೇನಾಪತಿ ಅವರ ನೆರೆಯಲ್ಲಿ ಚಳಿಗಾಲವನ್ನು ಕಳೆಯಬೇಕಾಗಿ ಬಂದು, ಒಲೆಯ ಕಟ್ಟಿಗೆಗೂ ಈಟಿಯ ಕಾವಿನ ಮರಕ್ಕೂ ಹಣ ತೆತ್ತನು. ಒಮ್ಮೆ ಅವರು ಸೀಸರನ ಹಣವನ್ನೇ ದೋಚಿದರು. ದಾರಿ ಸರಿಪಡಿಸುವ ನೆವದಿಂದ ಸೇನೆಯ ಮೇಲೆ ಬಂಡೆಗಳನ್ನು ಉರುಳಿಸಿದರು. ಇವೆಲ್ಲವೂ ಗ್ರೀಕ್ ಭೂಗೋಳಕಾರನಾದ ಸ್ಟ್ರಾಬೋವಿನ ಗ್ರಂಥದಿಂದ ತಿಳಿದುಬರುವ ಸಂಗತಿಗಳು. ಅವನು ಗೆದ್ದವರ ಪಕ್ಷದವನೆಂಬುದನ್ನು ವಾಚಕರು ಮರೆಯಬಾರದು. ಸಲಸ್ಸರು ಬರೆದಿಟ್ಟ ಚರಿತ್ರೆ ಒಂದೂ ಇಲ್ಲ.

ಕ್ರಿ.ಪೂ. 25ರಲ್ಲಿ ಆಗಸ್ಟಸ್ ಚಕ್ರವರ್ತಿಯ ಆಜ್ಞೆಯಂತೆ ತೆರೆಂತಿಯುಸ್ ವಾರ್ರೋ ಎಂಬುವನು ಅವರನ್ನು ಸಂಪೂರ್ಣವಾಗಿ ಅಡಗಿಸಿದನು. ಸೆರೆ ಸಿಕ್ಕವರನ್ನೆಲ್ಲ ಎಪೊರೇದಿಯಕ್ಕೆ ಸಾಗಿಸಿ ಈಟಿಯನ್ನು ನೆಟ್ಟು ಹರಾಜು ಹಾಕಿದರು. ಈಟಿ ನೆಡುವುದು ರೋಮನರಲ್ಲಿ ಹರಾಜಿನ ಗುರುತು. ಯುದ್ಧಮಾಡಬಲ್ಲ ಗಂಡಸರು 8,000, ಉಳಿದವರು 36,000 ಎಂದು ಸ್ಟ್ರಾಬೋ ಲೆಕ್ಕ ಕೊಟ್ಟಿರುವನು. ಒಂದು ಜನಾಂಗದ ಕಥೆ ಎರಡು ಅಂಕಿಗಳಲ್ಲಿ ಮುಗಿಯಿತು. ಅಥವಾ ಮುಗಿಯಿತೆಂದು ಬಹುಕಾಲ ಎಲ್ಲರೂ ನಂಬಿದ್ದರು. ಅದಿರಲಿ. ಈಗ ದಾರಿಯನ್ನು ಹಿಡಿಯೋಣ.

ಕಣಿವೆಯ ಬಾಗಿಲಿನಲ್ಲಿ ಪೋಂ-ಸೇಂ-ಮಾರ್ತೇಂ ಎಂಬ ಊರು. ದೋರಾಕ್ಕೆ ಬಂದು ಕೂಡುವ ಲಿಸ್ ಹೊಳೆಯ ಮೇಲೆ ರೋಮನರು ಒಂದೇ ಕಮಾನಿನಲ್ಲಿ ಕಟ್ಟಿದ ಸೇತುವೆ ಅಲ್ಲಿದೆ. ಕಮಾನಿನ ಹರವು ನೂರಡಿಗೂ ಹೆಚ್ಚು. ಮನುಷ್ಯರು ಇದನ್ನು ಕಟ್ಟಿದರೆಂದು ನಂಬಲಾರದ ಹಳ್ಳಿಗರು ಪಿಶಾಚಿಯ ಕಥೆಯೊಂದನ್ನು ಹೆಣೆದಿರುವರು. ಸೇತುವೆಯನ್ನು ಮೊದಲು ದಾಟಿದವನ ಆತ್ಮ ತನಗೆ ಸಲ್ಲಬೇಕೆಂದು ಕರಾರು ಮಾಡಿಕೊಂಡು ಪಿಶಾಚಿಯು ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿತಂತೆ. ಸಂತ ಮಾರ್ಟಿನನು ಬೆಳಗ್ಗೆ ಒಂದು ನಾಯಿಯನ್ನು ಮುಂದಾಗಿ ಅಟ್ಟಿ ಅದನ್ನು ವಂಚಿಸಿದನಂತೆ. ಕಟ್ಟುಕಥೆಯಲ್ಲಿಯೂ ದಾಟುವುದಕ್ಕೆ ಸುಂಕ ಉಂಟೆಂಬುದನ್ನು ಗಮನಿಸಬೇಕು. 1944ರ ಆಗಸ್ಟ್ 23ರಂದು ಮಿತ್ರರಾಷ್ಟ್ರಗಳ ವಿಮಾನಗಳು ಇಲ್ಲಿ ಬಾಂಬು ಸುರಿಸಿದಾಗ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. ಎರಡು ಸಾವಿರ ವರ್ಷದ ಸೇತುವೆ ಮಾತ್ರ ಹಾಗೆಯೇ ನಿಂತಿತು.

ಅಲ್ಲಿಂದ ತುಸು ಮುಂದೆ ದೊನ್ನಾಸ್. ಇಲ್ಲಿ ದಾರಿಗೆ ಎಡೆಯಿರಲಿಲ್ಲ. ಒಂದು ಕಡೆ ನದಿ, ಒಂದು ಕಡೆ ನೆಟ್ಟನೆಯ ಬಂಡೆ. ರೋಮನರು ಬಂಡೆಯನ್ನೇ ಕಡಿದು ಸುಮಾರು 725 ಅಡಿ ಉದ್ದದ ದಾರಿ ಮಾಡಿದರು. ಮಧ್ಯದಲ್ಲಿ ಸುಮಾರು ಹದಿಮೂರಡಿ ದಪ್ಪದ ಕಲ್ಲನ್ನು ಕಡಿಯದೆ ಬಿಟ್ಟು ಅದರಲ್ಲಿಯೇ ಕಮಾನು ಬಿಡಿಸಿರುವರು. ಮೈಲಿಗಲ್ಲನ್ನು ಕೂಡ ಬೇರೆ ನೆಡದೆ ಬಂಡೆಯಲ್ಲಿಯೇ ಕಂಡರಿಸಿ ಅದರ ಮೇಲೆ 36 ಎಂಬ ಅಂಕಿಯನ್ನು ಕೊರೆದಿದ್ದಾರೆ. ಆವೋಸ್ತಾಕ್ಕೆ 36 ರೋಮನ್ ಮೈಲಿ ಎಂದರ್ಥ. ಹಾಸುಗಲ್ಲಿನ ಮೇಲೆ ಗಾಡಿಯ ಚಕ್ರಗಳು ಸವೆಸಿದ ಎರಡು ಗೀರುಗಳು ಆಳವಾಗಿ ಇಳಿದಿವೆ. ವಿಜಯಸ್ತಂಭಗಳನ್ನು ನೋಡಿದಾಗ ಹುಟ್ಟದ ಗೌರವ ಈ ಗೀರುಗಳನ್ನು ನೋಡಿದಾಗ ಹುಟ್ಟುವುದು. ಇವನ್ನು ಕೊರೆದವನು ಯಾವ ಚಕ್ರವರ್ತಿಯೂ ಅಲ್ಲ. ಶತಮಾನಗಳ ಕಾಲ ಧಾನ್ಯವನ್ನೂ ಉಪ್ಪನ್ನೂ ಹೊತ್ತು ಹೋದ ಗಾಡಿಗಳು.

ಮುಂದಿನದು ಬಾರ್ದ್ ಕೋಟೆ. ಕಣಿವೆ ಇಲ್ಲಿ ಕೈಯ ಹಿಡಿಗೆ ಸಿಕ್ಕುವಷ್ಟು ಕಿರಿದಾಗುವುದು. ನಡುವೆ ಒಂದು ಒಂಟಿ ಬಂಡೆ. ಬಂಡೆಯ ಮೇಲೆ ಕೋಟೆ. ರೋಮ್ ಸಾಮ್ರಾಜ್ಯ ಅಳಿದ ಮೇಲೆ ಸಲಸ್ಸರ ವೃತ್ತಿಯನ್ನು ಇಲ್ಲಿನ ಪಾಳೆಯಗಾರರು ಮುಂದುವರಿಸಿದರೆಂದರೆ ತಪ್ಪಾಗಲಾರದು. ಹೋಗಿಬರುವವರನ್ನು ಊಗೋ ಎಂಬ ಒಡೆಯನು ಪೀಡಿಸುತ್ತಿದ್ದುದರಿಂದ 1242ರಲ್ಲಿ ಸವೋಯ್ ರಾಜ್ಯದ ನಾಲ್ಕನೆಯ ಅಮದೇಯೋ ಅವನನ್ನು ಹೊರಡಿಸಿ ಕೋಟೆಯನ್ನು ಹಿಡಿದನು. 1800ರ ಮೇ ತಿಂಗಳಿನಲ್ಲಿ ನೆಪೋಲಿಯನ್ನನು ಸುಮಾರು 40,000 ದಂಡಿನೊಡನೆ ಹಿಮವನ್ನು ದಾಟಿ, ಫಿರಂಗಿಗಳನ್ನು ಟೊಳ್ಳು ಮರದ ದಿಮ್ಮಿಗಳಲ್ಲಿಟ್ಟು ಎಳೆಸಿಕೊಂಡು ಇಳಿದು ಬಂದಾಗ, ಈ ಬಂಡೆಯ ಮೇಲೆ ಇದ್ದವರು ಸುಮಾರು 400 ಮಂದಿ ಆಸ್ಟ್ರಿಯದ ಸಿಪಾಯಿಗಳು ಮಾತ್ರ. ಯೂರೋಪನ್ನು ನಡುಗಿಸಿದವನು ಅವರನ್ನು ಬೇಗ ಕದಲಿಸಲಾರದೆ ಹೋದನು. ಕಾಲಾಳುಗಳು ಬೆಟ್ಟದ ಮೇಲಣ ಕಾಲುದಾರಿಯಿಂದ ಬಳಸಿ ಹೋದರು. ಫಿರಂಗಿಗಳನ್ನು, ಕೋಟೆಯ ಕೆಳಗಿನ ಬೀದಿಗೆ ಗೊಬ್ಬರ ಹುಲ್ಲುಗಳನ್ನು ಹಾಸಿ, ಚಕ್ರಗಳಿಗೆ ಹುಲ್ಲು ಸುತ್ತಿ, ರಾತ್ರಿಯ ಕತ್ತಲಲ್ಲಿ ಸದ್ದಿಲ್ಲದೆ ಸಾಗಿಸಿದರು. ಕೋಟೆ ಶರಣಾದುದು ಜೂನ್ 1ರಂದು. ಆ ಕೋಪಕ್ಕೆ ಅದನ್ನು ನೆಲಸಮ ಮಾಡಿಸಿದರು. ಈಗ ಕಾಣುವುದು 1830ರಿಂದ 1838ರವರೆಗೆ ಮತ್ತೆ ಕಟ್ಟಿದುದು.

ಇಲ್ಲಿಂದ ಮುಂದೆ ಚಲ್ಲಾಂ ವಂಶದವರ ನೆಲ. ವೆರ್ರೆಸ್ ಊರಿನ ಮೇಲೆ ಆ ವಂಶದ ಇಬ್ಲೆತೋ 1390ರಲ್ಲಿ ಮುಗಿಸಿದ ಕೋಟೆ ನೂರಡಿ ಚಚ್ಚೌಕದ ಕಲ್ಲಿನ ಪೆಟ್ಟಿಗೆ. ದೂರದಿಂದ ನೋಡಿದರೆ ಸಾಕು. ನದಿಯ ಆಚೆ ದಡದ ಇಸ್ಸೋಞೆಯನ್ನು ಮಾತ್ರ ಬಿಡಬಾರದು. ಹೊರಗಿನಿಂದ ಸಾಮಾನ್ಯ ಮನೆಯಂತಿರುವ ಈ ಅರಮನೆಯನ್ನು 1500ರ ಆಸುಪಾಸಿನಲ್ಲಿ ಜಾರ್ಜ್ ದ ಚಲ್ಲಾಂ ಎಂಬ ಧರ್ಮಾಧಿಕಾರಿಯು ತನ್ನ ದಾಯಾದಿಯ ವಿಧವೆಗೂ ಅವಳ ಮಗನಿಗೂ ಕಟ್ಟಿಸಿದನು. ಅಂಗಳದ ಮಧ್ಯೆ ಕಬ್ಬಿಣದ ದಾಳಿಂಬೆ ಗಿಡವೊಂದು ನೀರನ್ನು ಉಗುಳುತ್ತಿದೆ. ಅದರ ಬದಿಯ ಮೊಗಸಾಲೆಯ ಗೋಡೆಗಳಲ್ಲಿ ದೇವತೆಗಳ ಚಿತ್ರವಲ್ಲ, ಅಂಗಡಿಬೀದಿಯ ಚಿತ್ರಗಳಿವೆ: ದರ್ಜಿ, ಔಷಧದಂಗಡಿ, ರೊಟ್ಟಿ ಸುಡುವವನು, ಹಣ್ಣು ತರಕಾರಿಯ ಸಂತೆ, ಆಯುಧಗಳನ್ನು ಗೋಡೆಗೆ ತೂಗುಹಾಕಿ ಆಟಕ್ಕೆ ಕುಳಿತ ಕಾವಲಿನವರು. ಯುದ್ಧದ ಚಿತ್ರಗಳಿಗೆ ಯೂರೋಪಿನಲ್ಲಿ ಬರಗಾಲವಿಲ್ಲ; ಮಾರುವವರ, ಕೊಳ್ಳುವವರ ಮುಖಗಳನ್ನು ಇಷ್ಟು ಪ್ರೀತಿಯಿಂದ ಬರೆಸಿದ ಒಡೆಯರು ವಿರಳ.

ಒಂದು ಅಂಗಡಿಯಲ್ಲಿ ದುಂಡು ದುಂಡಾದ ಚೀಸಿನ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿದೆ. ಈ ನಾಡಿನ ಹೆಸರಾಂತ ಫೊಂತೀನಾ ಚೀಸು ಅದೇ ಎಂದು ಬಲ್ಲವರ ಅಭಿಪ್ರಾಯ. 1477ರಲ್ಲಿಯೇ ಪಾಂತಲೆಯೋನೆ ಎಂಬ ವೈದ್ಯನು ಹಾಲಿನ ಪದಾರ್ಥಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಕಣಿವೆಯ ಚೀಸನ್ನು ಹೊಗಳಿರುವನು. ಇಂದಿಗೂ ಇಲ್ಲಿಯ ತಳಿಯ ಹಸುಗಳ ಕಾಯಿಸದ ಹಾಲಿನಿಂದ ಮಾಡಿ, 80 ದಿವಸಗಳಿಗೆ ಕಡಿಮೆಯಿಲ್ಲದಂತೆ ತಂಪು ಗವಿಗಳಲ್ಲಿಟ್ಟು ಹದಗೊಳಿಸುವರು. ಮುಚ್ಚಿಹೋದ ಒಂದು ತಾಮ್ರದ ಗಣಿಯೂ ಈ ಕೆಲಸಕ್ಕೆ ಒದಗಿದೆ. ಚಿತ್ರದ ಸಂತೆಯಲ್ಲಿ ಮುಸುಕಿನ ಜೋಳವಾಗಲಿ ಆಲೂಗೆಡ್ಡೆಯಾಗಲಿ ಇಲ್ಲ. ಅವು ಅಮೆರಿಕದಿಂದ ಇನ್ನೂ ಬಂದಿರಲಿಲ್ಲ. ಆದುದರಿಂದ ಈಗ ಮನೆಮನೆಯಲ್ಲಿಯೂ ಮುದ್ದೆಯಂತೆ ತಿರುವಿ ಬಡಿಸುವ ಜೋಳದ ಪೊಲೆಂತಾವನ್ನು ಆ ಅರಮನೆಯವರು ಕಂಡರಿಯರು. ಅದಕ್ಕಿಂತ ಹಳೆಯದು ರೈ ಧಾನ್ಯದ ಕರಿ ರೊಟ್ಟಿ. ಕಟ್ಟಿಗೆಯ ಖರ್ಚಿಗೆ ಹೆದರಿ ಊರಿಗೊಂದು ಒಲೆಯಿಟ್ಟುಕೊಂಡು, ಮನೆಮನೆಯವರೂ ಸರದಿಯಂತೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಸುಡುತ್ತಿದ್ದರು. ತಿಂಗಳುಗಳು ಕಳೆದಂತೆ ಅದು ಕಲ್ಲಾಗುವುದು; ಹಲಗೆಗೆ ಒಂದು ತುದಿಯನ್ನು ಬಂಧಿಸಿದ ವಿಶೇಷ ಕತ್ತಿಯಿಂದ ಅದನ್ನು ಒಡೆಯಬೇಕು. ಆ ತುಂಡುಗಳನ್ನೂ ಕೋಸನ್ನೂ ಫೊಂತೀನಾವನ್ನೂ ಪದರ ಪದರವಾಗಿಟ್ಟು, ಮಾಂಸದ ಸಾರನ್ನು ಹುಯ್ದು ಒಲೆಯಲ್ಲಿ ಬೇಯಿಸಿದ ಅಡಿಗೆಗೆ ವಾಲ್ಪೆಲ್ಲೀನ್ ಸೀಮೆಯ ಹೆಸರುಂಟು. ಬಡತನದಿಂದ ಹುಟ್ಟಿದ ಈ ಭಕ್ಷ್ಯವನ್ನು ಈಗ ಪ್ರವಾಸಿಗಳು ಹಣ ಕೊಟ್ಟು ಉಣ್ಣುತ್ತಾರೆ.

ಮಧ್ಯಾಹ್ನದ ಮೇಲೆ ಫೇನಿಸ್. ಎರಡು ಸುತ್ತಿನ ಗೋಡೆ, ಗೋಪುರಗಳ ಗುಂಪು. ಮಕ್ಕಳು ಬರೆಯುವ ಕೋಟೆಯ ಚಿತ್ರದಂತಿದೆ. ಬಂಡೆಯ ಮೇಲಲ್ಲ, ತಗ್ಗು ದಿಣ್ಣೆಯ ಮೇಲೆ ಕುಳಿತ ಈ ಕೋಟೆಯನ್ನು ಕಾದಾಡುವುದಕ್ಕಿಂತ ದೊಡ್ಡಸ್ತಿಕೆಗಾಗಿ ಕಟ್ಟಿದರೆಂದೇ ತೋರುವುದು. ಒಳಗಣ ಅಂಗಳದ ಗೋಡೆಗಳ ಮೇಲೆ ಋಷಿಗಳಂತಹ ಜ್ಞಾನಿಗಳು ಹಳೆಯ ಫ್ರೆಂಚಿನ ನೀತಿವಾಕ್ಯಗಳನ್ನು ಹಿಡಿದು ನಿಂತಿದ್ದಾರೆ. ಒಡೆಯರು ಹೋದ ಮೇಲೆ ಇಲ್ಲಿ ಹುಲ್ಲು ತುಂಬಿ ದನ ಕಟ್ಟುತ್ತಿದ್ದರು. 1895ರಲ್ಲಿ ಅಲ್ಫ್ರೇದೋ ದಾಂದ್ರಾದೆ ಎಂಬುವನು ಕೊಂಡು ಜೀರ್ಣೋದ್ಧಾರ ಮಾಡಿಸಿದನು.

ಸಂಜೆಗೆ ಆವೋಸ್ತಾ. ವಾರ್ರೋ ತನ್ನ ಪಾಳೆಯವನ್ನು ಬಿಟ್ಟಿದ್ದ ನೆಲದಲ್ಲಿಯೇ ಆಗಸ್ಟಸನು ತನ್ನ ಅಂಗರಕ್ಷಕ ಪಡೆಯ 3,000 ಮಂದಿಯನ್ನು ನೆಲೆಗೊಳಿಸಿ ಊರು ಕಟ್ಟಿಸಿದನು. ಆಗುಸ್ತಾ ಎಂಬ ಮಾತೇ ಬಾಯಿಯಿಂದ ಬಾಯಿಗೆ ಸವೆದು ಆವೋಸ್ತಾ ಆಗಿದೆ. ಸುಮಾರು 2,400 ಅಡಿ ಉದ್ದ, 1,900 ಅಡಿ ಅಗಲದ ಆಯತಾಕಾರದ ಕೋಟೆ, ಇಬ್ಬಾಗಿಲಿನ ಹೆಬ್ಬಾಗಿಲು, 72 ಅಡಿ ಎತ್ತರ ಉಳಿದು ನಿಂತಿರುವ ನಾಟಕಶಾಲೆಯ ಗೋಡೆ, ನೆಲದೊಳಗಿನ ಕಮಾನುಸಾಲೆ, ಎಲ್ಲವೂ ಸೊಗಸಾದುವೇ. ಪೂರ್ವದಿಕ್ಕಿನಲ್ಲಿ ಸಲಸ್ಸರ ಮೇಲಣ ಗೆಲವಿಗಾಗಿ ಎತ್ತಿದ ವಿಜಯದ ಕಮಾನು. ಅದರ ಶಾಸನ ಎಂದೋ ಉದುರಿಹೋಗಿದೆ. ಮಳೆನೀರು ಇಳಿಯದಿರಲೆಂದು 1716ರಲ್ಲಿ ಊರಿನವರು ಅದಕ್ಕೊಂದು ಕಲ್ಲುಹಲಗೆಯ ಮಾಡನ್ನು ಹೊದಿಸಿದರು.

ಗೆದ್ದವನ ಶಾಸನ ಅಳಿಯಿತು. ಸೋತವರ ಶಾಸನವೊಂದು 1894ರಲ್ಲಿ ಈ ಊರಿನ ಮಣ್ಣಿನಿಂದ ಎದ್ದು ಬಂದಿತು. ಅದು ಪ್ರತಿಮೆಯೊಂದರ ಪೀಠದ ಕಲ್ಲು. ಕಾಲ ಕ್ರಿ.ಪೂ. 23 ಅಥವಾ 22. ಎಂದರೆ ಆ ಹರಾಜು ನಡೆದು ಎರಡು ಮೂರು ವರ್ಷಗಳಷ್ಟೆ. ಆಗಸ್ಟಸನ ಬಿರುದುಗಳನ್ನೆಲ್ಲ ಹೇಳಿದ ಮೇಲೆ ಅದರಲ್ಲಿರುವ ತಾತ್ಪರ್ಯವಿಷ್ಟು: ಊರು ಹುಟ್ಟಿದ ಮೊದಲಿಂದಲೂ ಅದರೊಳಗೆ ಬಂದು ನೆಲೆಸಿದ ಸಲಸ್ಸರು ತಮ್ಮ ಪೋಷಕನಿಗೆ ಇದನ್ನು ಅರ್ಪಿಸಿದರು. ಹಾಗಾದರೆ ಸ್ಟ್ರಾಬೋ ಹೇಳಿದಂತೆ ಎಲ್ಲರೂ ಮಾರಾಟವಾಗಲಿಲ್ಲ. ಕೆಲವರು ಉಳಿದರು. ಇವರು ಮೊದಲಿನಿಂದ ರೋಮಿನ ಪಕ್ಷ ವಹಿಸಿದ್ದವರೋ, ಬಂಧುಗಳು ಈಟಿಯ ಕೆಳಗೆ ನಿಂತುದನ್ನು ಕಂಡು ಹೆದರಿ ಶರಣು ಬಂದವರೋ, ಕಲ್ಲು ಹೇಳುವುದಿಲ್ಲ. ಭಕ್ತಿಯಿಂದ ನಿಲ್ಲಿಸಿದ ಪ್ರತಿಮೆಯನ್ನೂ ಭಯದಿಂದ ನಿಲ್ಲಿಸಿದ ಪ್ರತಿಮೆಯನ್ನೂ ಬರಿಯ ಪೀಠದಿಂದ ಬೇರ್ಪಡಿಸಿ ತಿಳಿಯುವ ಉಪಾಯವಿಲ್ಲ. ಆದರೆ ಅವರು ತಮ್ಮನ್ನು ಕರೆದುಕೊಂಡಿರುವ ಮಾತನ್ನು ಗಮನಿಸಬೇಕು. ಲ್ಯಾಟಿನಿನಲ್ಲಿ ಅದು ‘ಇಂಕೊಲೆ’. ಆ ಭಾಷೆಯ ನ್ಯಾಯಶಾಸ್ತ್ರದಲ್ಲಿ ಪೌರನೆಂದರೆ ಊರಿನ ಹಕ್ಕುಳ್ಳವನು. ‘ಇಂಕೊಲ’ನೆಂದರೆ ಬೇರೆಡೆಯಿಂದ ಬಂದು ಆ ಊರಿನಲ್ಲಿ ಬಿಡಾರ ಮಾಡಿಕೊಂಡಿರುವವನು. ಅಜ್ಜ ಮುತ್ತಜ್ಜರ ಕಾಲದಿಂದ ಆ ನೀರನ್ನೂ ಆ ದಾರಿಯನ್ನೂ ಆಳಿದ್ದವರು ಅದೇ ನೆಲದ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ಆ ಮಾತನ್ನು ಕೆತ್ತಿಸಿದರು.