ನಿಮ್ಮ ಕಂಪ್ಯೂಟರಿಗೆ ಗಂಟೆ ಎಷ್ಟಾಯ್ತು ಅಂತ ಹೇಳೋರು ಯಾರು?

ಕಡತ ತಿದ್ದಿದ್ದು ರಾತ್ರಿ 11:59ಕ್ಕೋ, 12:01ಕ್ಕೋ? ಟೆಂಡರ್ ಅರ್ಜಿ ಗಡುವಿನ ಒಳಗೆ ಬಂತೋ, ಆಮೇಲೆ ಬಂತೋ? ಇಂಥ ಜಗಳಗಳಲ್ಲಿ ಈಗ ಸಾಕ್ಷಿ ಹೇಳೋದು ಸರ್ವರಿನ ಲಾಗ್. ಆ ಲಾಗಿಗೆ ಸಮಯ ಕೊಡೋದು ಕೆಲವೇ ರೂಪಾಯಿ ಬೆಲೆಯ ಕ್ವಾರ್ಟ್ಜ್ ಹರಳು. ಅದನ್ನು ಪೂರ್ತಿ ನಂಬೋ ಹಾಗಿಲ್ಲ.

ಮದರ್‌ಬೋರ್ಡಿನ ಗಡಿಯಾರದಲ್ಲಿರುವ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಬರುತ್ತೆ, ಅಂದರೆ ಸೆಕೆಂಡಿಗೊಂದು ಟಿಕ್. ಕಂಪ್ಯೂಟರ್ ಆಫ್ ಆಗಿದ್ದಾಗ ನಾಣ್ಯದಂಥ ಬ್ಯಾಟರಿ ಇದನ್ನು ಓಡಿಸುತ್ತೆ. ಆದರೆ ತಯಾರಿಕೆಯ ಸಣ್ಣ ವ್ಯತ್ಯಾಸ, ಬಿಸಿ, ಹಳೆಯದಾಗುವಿಕೆ ಎಲ್ಲವೂ ಹರಳಿನ ಲಯ ಕೆಡಿಸುತ್ತವೆ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಹತ್ತಿರ ಹತ್ತಿರ ಒಂದು ನಿಮಿಷ.

(ನಮ್ಮ ಕಾಲೇಜು ಲ್ಯಾಬಿನಲ್ಲಿ ಒಮ್ಮೆ ಯಾವ ವೆಬ್‌ಸೈಟೂ ತೆರೆಯದೆ ಅರ್ಧ ದಿನ ನೆಟ್‌ವರ್ಕಿಗೆ ಬೈದಿದ್ವಿ. ಆ ಬ್ಯಾಟರಿ ಸತ್ತು ಕಂಪ್ಯೂಟರ್ ಹಲವು ವರ್ಷ ಹಿಂದೆ ಹೋಗಿತ್ತು. ಸೈಟುಗಳ ಸರ್ಟಿಫಿಕೇಟ್ ‘ಇನ್ನೂ ಜಾರಿಗೇ ಬಂದಿಲ್ಲ’ ಅನ್ನೋದು ಬ್ರೌಸರಿನ ವಾದ.)

ಲಿನಕ್ಸ್‌ನಂಥ ವ್ಯವಸ್ಥೆ ಬೂಟ್ ಆಗುವಾಗ ಈ ಗಡಿಯಾರ ನೋಡಿಕೊಳ್ಳುತ್ತೆ. ಆಮೇಲೆ ಪ್ರೊಸೆಸರಿನೊಳಗಿನ ವೇಗದ ಕೌಂಟರ್ ಎಣಿಸುತ್ತಾ, ಎಣಿಕೆಯನ್ನು ಒಂದು ಗುಣಕದಿಂದ ನ್ಯಾನೋಸೆಕೆಂಡ್ ಆಗಿ ಬದಲಿಸುತ್ತೆ. ಜಾಣತನ ಇರೋದು ಈ ಗುಣಕದಲ್ಲೇ. ಹರಳನ್ನು ರಿಪೇರಿ ಮಾಡೋಕಾಗಲ್ಲ, ಗುಣಕವನ್ನು ತಿದ್ದಬಹುದು.

ಎಷ್ಟು ತಿದ್ದಬೇಕು ಅಂತ ಗೊತ್ತಾಗೋದು ಎನ್‌ಟಿಪಿಯಿಂದ. ಡೇವಿಡ್ ಮಿಲ್ಸ್ ರೂಪಿಸಿದ ಈ ನಿಯಮಾವಳಿ 1985ರಲ್ಲಿ ಪ್ರಕಟವಾಯ್ತು. ನಿಮ್ಮ ಗಡಿಯಾರದ ಪ್ರಕಾರ 0ಗೆ ಕೇಳಿದಿರಿ ಅಂದುಕೊಳ್ಳಿ. ಸರ್ವರ್ ತನ್ನ ಗಡಿಯಾರದಲ್ಲಿ 130 ಮಿಲಿಸೆಕೆಂಡಿಗೆ ಪ್ರಶ್ನೆ ಪಡೆದು 131ಕ್ಕೆ ಉತ್ತರಿಸಿತು. ಅದು ನಿಮ್ಮನ್ನು ತಲುಪಿದಾಗ ನಿಮ್ಮಲ್ಲಿ 61. ಸರ್ವರ್ ಬಳಸಿದ 1 ಕಳೆದರೆ ದಾರಿಯ ಸಮಯ 60. ಒಂದು ದಿಕ್ಕಿಗೆ 30. ಅಂದರೆ ಅಲ್ಲಿ ಈಗ 161. ನೀವು 100 ಮಿಲಿಸೆಕೆಂಡ್ ಹಿಂದಿದ್ದೀರಿ. ಇಲ್ಲೊಂದು ಊಹೆ ಅಡಗಿದೆ ನೋಡಿ: ಹೋಗೋ ದಾರಿ, ಬರೋ ದಾರಿ ಸಮ ಅಂತ. ನಿಜದಲ್ಲಿ ಹೋಗೋಕೆ 50, ಬರೋಕೆ 10 ಹಿಡಿದಿದ್ದರೆ ಲೆಕ್ಕ 20 ತಪ್ಪುತ್ತೆ. ಅದಕ್ಕೇ ಹಲವು ಸರ್ವರ್‌ಗಳನ್ನು ಮತ್ತೆ ಮತ್ತೆ ಕೇಳಿ, ಹೊಂದದವರನ್ನು ಬಿಡೋದು.

ಇಷ್ಟಾದ ಮೇಲೂ ಮುಳ್ಳನ್ನು ಸರಕ್ಕನೆ ತಿರುಗಿಸಲ್ಲ. ಗಡಿಯಾರ ಹಿಂದೆ ಹೋದರೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದಂತಾಗುತ್ತೆ. ಸಣ್ಣ ತಪ್ಪಿದ್ದರೆ ಗಡಿಯಾರವನ್ನೇ ತುಸು ಬೇಗ ಅಥವಾ ನಿಧಾನ ಓಡಿಸುತ್ತಾರೆ. ಇದರ ರೂಢಿಯ ಮಿತಿ ಹತ್ತು ಲಕ್ಷಕ್ಕೆ 500, ಆ ವೇಗದಲ್ಲಿ ಒಂದು ಸೆಕೆಂಡ್ ಸರಿಪಡಿಸೋಕೆ 33 ನಿಮಿಷ ಬೇಕು. ಅವಧಿ ಅಳೆಯೋಕೆ ಅಂತಲೇ ಹಿಂದೆ ಹೋಗದ ಇನ್ನೊಂದು ಗಡಿಯಾರವೂ ಇದೆ. ಅದನ್ನು ಬಳಸದಿದ್ದರೆ ಏನಾಗುತ್ತೆ ಅನ್ನೋದನ್ನ 2017ರ ಹೊಸ ವರ್ಷದ ದಿನ ಕ್ಲೌಡ್‌ಫ್ಲೇರ್ ನೋಡಿತು: ಲೀಪ್ ಸೆಕೆಂಡ್ ಸೇರಿದ ಕ್ಷಣ ಅವಧಿಯ ಲೆಕ್ಕ ಋಣ ಸಂಖ್ಯೆಯಾಗಿ ಅದರ ಡಿಎನ್‌ಎಸ್ ತಂತ್ರಾಂಶದ ಒಂದು ಭಾಗ ಕುಸಿಯಿತು.

ಇನ್ನು ಯಾರ ಸರ್ವರನ್ನು ನಂಬೋದು? ಇದು ಬರೀ ಎಂಜಿನಿಯರುಗಳ ಪ್ರಶ್ನೆ ಅಲ್ಲ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ವಿಪಿಎನ್ ವಿವಾದದಿಂದ ನಿಮಗೆ ನೆನಪಿರಬಹುದು. ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಅದರಲ್ಲಿತ್ತು. ಎಲ್ಲರ ಲಾಗೂ ಒಂದೇ ಗಂಟೆ ಹೇಳಬೇಕು ಅನ್ನೋದು ನ್ಯಾಯವೇ. ನನ್ನ ತಕರಾರು ಬೇರೆ. ಮಾಮೂಲಿ ಎನ್‌ಟಿಪಿ ಸಂದೇಶಕ್ಕೆ ಸಹಿ ಇರಲ್ಲ, ನಡುವೆ ಕೂತವನು ಸುಳ್ಳು ಗಂಟೆ ಕಳಿಸಬಹುದು. ಅದನ್ನು ತಡೆಯೋ ಎನ್‌ಟಿಎಸ್ ಅನ್ನೋ ಮಾನದಂಡ 2020ರಲ್ಲೇ ಬಂದಿದೆ. ಸರ್ವರ್ ಲಾಗನ್ನು ಸಾಕ್ಷಿ ಅಂತ ಮುಂದಿಟ್ಟವರನ್ನು, ಅದರ ಗಡಿಯಾರ ಯಾವ ಸರ್ವರನ್ನು ಕೇಳುತ್ತಿತ್ತು, ಆ ಉತ್ತರಕ್ಕೆ ಸಹಿ ಇತ್ತಾ ಅಂತ ಮೊದಲು ಕೇಳಬೇಕು.