ನೆಲೆ ಮೊದಲು, ಕಾಗದ ಆಮೇಲೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನ ದುಡಿಮೆಗಾಗಿ ಪಟ್ಟಣ ಸೇರುವುದು ಹೊಸ ಸಂಗತಿಯೇನಲ್ಲ. ಜಿಡಗಾದಂಥ ಊರಿನಿಂದ ಹೊರಟವರಿಗೆ ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಕೂಲಿ ಸಿಕ್ಕೀತು; ರಾತ್ರಿ ಮೈ ಚಾಚಲು ಜಾಗ ಸಿಗುವುದು ಕಷ್ಟ. ತಮ್ಮ ಮನೆಯ ಗೋಡೆ ಕಟ್ಟಿದವರು ಎಲ್ಲಿ ಮಲಗುತ್ತಾರೆಂದು ತಾವು ಎಂದಾದರೂ ವಿಚಾರಿಸಿದ್ದುಂಟೆ? ರೈಲು ಹಳಿಯ ಪಕ್ಕದಲ್ಲೋ ಕಾಲುವೆಯ ದಡದಲ್ಲೋ ನಾಲ್ಕು ಗಳು ನೆಟ್ಟರೆ ಅವರ ಸಂಸಾರ ಆರಂಭವಾಗುತ್ತದೆ. ಕಾನೂನು ಅದನ್ನು ಒತ್ತುವರಿ ಎನ್ನುತ್ತದೆ.

ಕರ್ನಾಟಕದಲ್ಲಿ ‘1973ರ ಕೊಳಚೆ ಪ್ರದೇಶಗಳ ಕಾಯಿದೆ’ ಬಂದಿತು. ತಾನಿರುವ ಕೇರಿಯನ್ನು ಸರ್ಕಾರ ಕೊಳಚೆಯೆಂದು ಸಾರಿದರೆ ಯಾರಿಗೆ ತಾನೆ ಸಂತೋಷ? ಆದರೂ ಬಡವರ ಸಂಘಟನೆಗಳು ಆ ಘೋಷಣೆಯನ್ನೇ ಬೇಡಿ ಹೋರಾಡಿದವು. ಘೋಷಣೆಯಾದರೆ ನೀರು, ದೀಪ, ಚರಂಡಿ ಕೇಳಲು ಒಂದು ಆಧಾರ; ಮುಂದೆ ಹಕ್ಕುಪತ್ರದ ಆಸೆ.

ಕಾಗದದ ಬೆಲೆ ಮುಂಬಯಿಯಲ್ಲಿ ಇನ್ನೂ ಸ್ಪಷ್ಟವಾಯಿತು. 1981ರ ಜುಲೈನಲ್ಲಿ, ಮಳೆಗಾಲದ ನಡುವೆ, ಕಾಲುದಾರಿಯ ನಿವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಅಟ್ಟುವುದಾಗಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಸಾರಿದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು 1985ರಲ್ಲಿ ತೀರ್ಪಾಯಿತು. ಆದರೆ ಅದೇ ತೀರ್ಪು, ಕ್ರಮಬದ್ಧವಾಗಿ ತೆರವುಗೊಳಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಬದಲಿ ಜಾಗದ ಮಾತು ಬಂದದ್ದು 1976ರ ಗಣತಿಯಲ್ಲಿ ಸೇರಿದ್ದವರಿಗೆ. ಅಂದು ಹೆಸರು ಬರೆಸದವರ ಪಾಡೇನು?

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಜೋಪಡಿಗಳನ್ನು ನೆಲಸಮ ಮಾಡಲಾಯಿತು. ವಿದೇಶೀಯರೆಂಬ ಆಪಾದನೆ ಹೊತ್ತವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಊರಿನ ವಿಳಾಸವಿದ್ದ ಗುರುತಿನ ಚೀಟಿಗಳು ಅವರ ಸೂರನ್ನು ಉಳಿಸಲಿಲ್ಲ. ಹೈಕೋರ್ಟು ನಡುವೆ ಪ್ರವೇಶಿಸಬೇಕಾಯಿತು.

ಇತ್ತ ನಮ್ಮ ಸೀಮೆಯಲ್ಲಿ, 2023ರ ಜನವರಿ 19ರಂದು, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಬಹುಪಾಲು ಲಂಬಾಣಿ ತಾಂಡಾಗಳವರು. ದಾಖಲೆಯಲ್ಲಿಲ್ಲದ ಸುಮಾರು 1,475 ನೆಲೆಗಳು ಕಂದಾಯ ಗ್ರಾಮಗಳಾಗಿದ್ದವು. ತಲೆಮಾರುಗಳಿಂದ ಒಲೆ ಉರಿದ ಮನೆಗೆ ಆಗ ಕಾಗದ ಬಂದಿತು.

ಆದರೆ ಹಕ್ಕುಪತ್ರ ಊರಲ್ಲಿ, ಕೂಲಿ ಪಟ್ಟಣದಲ್ಲಿ. ತಮ್ಮ ಬಡಾವಣೆಯ ಅಂಚಿನ ಗುಡಿಸಲು ತೆರವಾಗುವ ಸುದ್ದಿ ಕೇಳಿದಾಗ, ಅಲ್ಲಿಯವರ ಹೆಸರನ್ನು ಯಾರಾದರೂ ಬರೆದುಕೊಂಡರೇ ಎಂದು ಕೇಳಿ ನೋಡಿ. ಇಷ್ಟು ವರ್ಷಗಳ ಹೋರಾಟ ನಡೆದದ್ದು ಆ ಒಂದು ಹೆಸರಿಗಾಗಿ.