ದುಡಿಮೆಯ ಹೊತ್ತನ್ನು ಹೇಳುವ ಮಾತು

ಕಾಲವು ಎಲ್ಲರಿಗೂ ಒಂದೇ ಆದರೂ ಅದನ್ನು ಹೇಳುವ ಮಾತು ಭಾಷೆಯಿಂದ ಭಾಷೆಗೆ ಬೇರೆಯಾಗಿರುವುದು. ದುಡಿಮೆಯ ಹೊತ್ತನ್ನು ಹೇಳುವಲ್ಲಿ ಒಂದು ಪ್ರತ್ಯಯವು ತಪ್ಪಿದರೆ ಕೆಡುವುದು ವ್ಯಾಕರಣವೊಂದೇ ಅಲ್ಲ. ದುಡಿದವನ ಕೂಲಿಯ ಲೆಕ್ಕವೂ ಕೆಡುವುದು.

ಪೂರ್ವದಲ್ಲಿ ಹಗಲಿರುಳುಗಳನ್ನು 60 ಗಳಿಗೆಗಳಾಗಿಯೂ 8 ಜಾವಗಳಾಗಿಯೂ ವಿಭಾಗಿಸುತ್ತಿದ್ದರು. ಒಂದು ಗಳಿಗೆಗೆ 24 ನಿಮಿಷ. ಒಂದು ಜಾವಕ್ಕೆ ಏಳೂವರೆ ಗಳಿಗೆ. ತಳದಲ್ಲಿ ಸಣ್ಣ ರಂಧ್ರವುಳ್ಳ ಗಳಿಗೆಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ಮುಳುಗಿದೊಡನೆ ಬಾರಿಸಿ ಕಾಲವನ್ನು ಸಾರುತ್ತಿದ್ದರು. ಬಾರಿಸುವ ಗಂಟೆಯ ಹೆಸರೇ ಮುಂದೆ 60 ನಿಮಿಷದ ಅವಧಿಗೂ ಹೆಸರಾಯಿತು. ಹೊಲದಲ್ಲಿಯಾದರೋ ಬಟ್ಟಲೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಹೆಗ್ಗಡದೇವನಕೋಟೆಯ ಸೀಮೆಯ ರೈತಾಪಿ ಜನಕ್ಕೆ ‘ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವವರೆಗೆ’ ಎಂಬ ಮಾತೇ ಸಾಕಾಗಿದ್ದಿತು. ಆದರೆ ಈ ಸೀಮೆಯ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಸುಮಾರು 85 ನಿಮಿಷಗಳ ಅಂತರವುಂಟು. ಮಾತು ಒಂದೇ, ದುಡಿಮೆಯ ಅಳತೆ ಮಾತ್ರ ಎರಡು.

1906ನೆಯ ಜನವರಿ 1ರಿಂದ ಭಾರತಕ್ಕೆ ಒಂದೇ ಕಾಲಮಾನವು ಗೊತ್ತಾಯಿತು. ಅದಕ್ಕೆ ಆಧಾರವು ಪೂರ್ವ ರೇಖಾಂಶ 82½ ಡಿಗ್ರಿ. ಕೋಟೆಯಿರುವುದು ಅದಕ್ಕೆ ಆರು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿ. ಆದುದರಿಂದ ಗಡಿಯಾರವು ಹನ್ನೆರಡನ್ನು ತೋರಿಸಿದ ಮೇಲೆ, ಸರಾಸರಿಯಾಗಿ 25 ನಿಮಿಷ, ಎಂದರೆ ಹಿಂದಿನವರ ಒಂದು ಗಳಿಗೆಯಷ್ಟು ಕಳೆದು, ಸೂರ್ಯನು ಇಲ್ಲಿ ನೆತ್ತಿಗೇರುವನು. ಕಚೇರಿಯ ಮಧ್ಯಾಹ್ನವೂ ಹೊಲದ ಮಧ್ಯಾಹ್ನವೂ ಅಂದಿನಿಂದ ಬೇರೆಯಾದುವು.

ಗಡಿಯಾರದೊಡನೆ ಇಂಗ್ಲಿಷಿನ ವ್ಯಾಕರಣವೂ ಕಚೇರಿಗೆ ಬಂದಿತು. ಕನ್ನಡದಲ್ಲಿ ‘ಆರು ಗಂಟೆಗೆ’ ಎಂಬಲ್ಲಿ ಚತುರ್ಥಿಯಿದೆ. ‘ಸೋಮವಾರ ಬಂದನು’ ಎಂಬಲ್ಲಿ ಪ್ರತ್ಯಯವೇ ಬೇಡ. ಇಂಗ್ಲಿಷಿನಲ್ಲಿ ಗಂಟೆಗೆ ‘ಅಟ್’, ವಾರಕ್ಕೆ ‘ಆನ್’, ತಿಂಗಳಿಗೆ ‘ಇನ್’ ಎಂದು ಮೂರು ಅವ್ಯಯಗಳು ಬೇಕು. ಇವು ತಪ್ಪಿದರೆ ಕಿವಿಗೆ ಒರಟಾದೀತು. ಅರ್ಥವು ಅಷ್ಟಾಗಿ ಕೆಡದು. ಆದರೆ ‘ಟಿಲ್’ ಎಂಬುದಕ್ಕೆ ‘ಬೈ’ ಎಂದರೆ ‘ಐದು ಗಂಟೆಯವರೆಗೆ ದುಡಿಯತಕ್ಕದ್ದು’ ಎಂಬುದು ‘ಐದು ಗಂಟೆಯೊಳಗೆ ಮುಗಿಸತಕ್ಕದ್ದು’ ಎಂದಾಗಿಬಿಡುವುದು. ‘ಫಾರ್’ ಮತ್ತು ‘ಇನ್’ ಎಂಬುವುಗಳ ಭೇದವೂ ಇಂಥದೇ. ‘ಎಂಟು ಗಂಟೆಯ ಕಾಲ ಕಳೆ ಕಿತ್ತರು’ ಎಂಬುದಕ್ಕೆ ಮೊದಲನೆಯದು. ‘ಎಂಟು ಗಂಟೆಯಲ್ಲಿ ಕಳೆ ಕಿತ್ತು ಮುಗಿಸಿದರು’ ಎಂಬುದಕ್ಕೆ ಎರಡನೆಯದು.

ಇದು ಇಂಗ್ಲಿಷರೇ ಕಂಡುಹಿಡಿದ ಸೂಕ್ಷ್ಮವೆಂದು ಭಾವಿಸಬೇಕಾದುದಿಲ್ಲ. ಕ್ರಿಯೆಯು ಕಾಲವನ್ನು ಎಡೆಬಿಡದೆ ವ್ಯಾಪಿಸಿದ್ದರೆ ಕಾಲವಾಚಕಕ್ಕೆ ದ್ವಿತೀಯೆಯೆಂದೂ, ಆ ಕಾಲದಲ್ಲಿ ಕಾರ್ಯವು ಮುಗಿದು ಫಲವು ದೊರೆತಿದ್ದರೆ ತೃತೀಯೆಯೆಂದೂ ಪಾಣಿನಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದಲ್ಲಿಯೇ ವಿಧಿಸಿರುವನು. ಲೋಕವ್ಯವಹಾರದಲ್ಲಿ ಮೊದಲನೆಯದು ದಿನಗೂಲಿಗೆ ಸಲ್ಲುವ ಮಾತು. ಎರಡನೆಯದು ಗುತ್ತಿಗೆಗೆ ಸಲ್ಲುವ ಮಾತು. ದಿನಗೂಲಿಯವನ ಹೊತ್ತನ್ನು ಗುತ್ತಿಗೆಯವನ ಮಾತಿನಲ್ಲಿ ಬರೆದರೆ, ಹೊತ್ತು ಕಳೆದರೂ ಕೆಲಸವು ಉಳಿದಿದೆಯೆಂದು ಕೂಲಿಯನ್ನು ತಡೆಯಲು ಎಡೆಯಾಗುವುದು.

ಶಾಸನಕರ್ತರೂ ಇದನ್ನು ಅರಿಯದವರಲ್ಲ. 1922ರಲ್ಲಿ ಕಾರ್ಖಾನೆಗಳ ವಯಸ್ಕ ಕೆಲಸಗಾರರಿಗೆ ವಾರಕ್ಕೆ 60 ಗಂಟೆಯೂ, 1934ರ ಶಾಸನದಿಂದ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ 54 ಗಂಟೆಯೂ ಮಿತಿಯಾಯಿತು. 1948ರ ಶಾಸನವು ವಾರಕ್ಕೆ 48, ದಿನಕ್ಕೆ 9 ಗಂಟೆಯ ಮಿತಿಯನ್ನು ವಿಧಿಸಿ, ದುಡಿಮೆಯ ವೇಳೆಯ ಪ್ರಕಟಣೆಯು ಇಂಗ್ಲಿಷಿನಲ್ಲಿಯೂ, ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿಯೂ ಇರತಕ್ಕದ್ದೆಂದು ಕಟ್ಟುಮಾಡಿತು. ಕೋಟೆಯ ಸೀಮೆಯಿಂದ ಕೂಲಿಯವರು ಹೋಗುವ ಕೊಡಗಿನ ಕಾಫಿ ತೋಟಗಳಂಥವಕ್ಕೆ 1951ರಲ್ಲಿ ಪ್ರತ್ಯೇಕ ಶಾಸನವೇ ಆಯಿತು.

ಮಿತಿಯನ್ನು ಗೊತ್ತುಮಾಡುವುದು ಶಾಸನದ ಕೆಲಸ. ಅದನ್ನು ದುಡಿಯುವವನಿಗೆ ಮುಟ್ಟಿಸುವುದು ಮಾತಿನ ಕೆಲಸ. ‘ವರೆಗೆ’ ಎಂಬುದೂ ‘ಒಳಗೆ’ ಎಂಬುದೂ ಬೇರೆಯೆಂದು ಓದಬಲ್ಲವರು ಓದಲಾರದವರಿಗೆ ತಿಳಿಯಹೇಳಿದರೆ, ವ್ಯಾಕರಣವನ್ನು ಕಲಿತುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಜನವಿರಲಾರದು.